ಬಲಗೈಯ ಗಡಿಯಾರ

ಮಧ್ಯಾಹ್ನದ ಊಟದ ಗಿರಾಕಿಗಳೆಲ್ಲ ಎದ್ದು ಹೋದ ಮೇಲೆ ಹಿಟ್ಟಿನ ಡಬ್ಬಿಗಳ ನಡುವೆ ಚಾಪೆ ಹಾಸಿ, ಎರಡೂ ಕಾಲನ್ನು ಗೋಡೆಗೆ ಆನಿಸಿ ಮಲಗುತ್ತಿದ್ದೆ. ಡಾಕ್ಟರು ಹೇಳಿದ ಕೆಲಸ ಅದು. ಕಾಲೊಳಗಿನ ಭಾರ ಮೆಲ್ಲಗೆ ಇಳಿದು, ಅಯ್ಯೋ ಶಿವನೇ ಎಂದು ಕಣ್ಣು ಹತ್ತಿತು ಎನ್ನುವಷ್ಟರಲ್ಲಿ ಕೈಗೆ ಕಟ್ಟಿದ ಗಡಿಯಾರ ಗುರ್ ಎಂದು ನಡುಗುತ್ತಿತ್ತು. ಎತ್ತಿ ನೋಡಿದರೆ ಕುರ್ಚಿಯಿಂದ ಏಳುತ್ತಿರುವ ಮನುಷ್ಯನ ಸಣ್ಣ ಚಿತ್ರ. ಬಹಳ ಹೊತ್ತು ಕೂತಿದ್ದೀಯ, ಎದ್ದು ನಿಲ್ಲು ಎಂದು ಅದರ ಅರ್ಥವಂತೆ.

“ಇದರ ಬಾಯಾಗ ಮಣ್ಣ ಬೀಳ್ಲಿ! ನಿಂತೂ ನಿಂತೂ ಕಾಲ ಈ ಗತಿಗೆ ಬಂದಾವ, ಇದು ಮತ್ತ ಏಳು ಅಂತೈತಿ” ಎಂದು ನಾನು ಕೂಗಿದರೆ, ಹೊರಗೆ ದುಡ್ಡಿನ ಗಲ್ಲೆಯ ಮೇಲೆ ಕೂತ ನನ್ನ ಗಂಡ ನಗುತ್ತಿದ್ದ. “ಅದಕ್ಕೇನ ಗೊತ್ತೈತಿ? ಅದನ್ನ ಮಾಡಿದಾಂವ ದಿನಾ ಕುರ್ಚಿ ಮ್ಯಾಲ ಕುಂತಿರ್ತಾನ” ಎನ್ನುತ್ತಿದ್ದ. ಅವನ ಮಾತಿನಲ್ಲಿ ಎಷ್ಟು ಖರೆ ಇತ್ತು ಎಂಬುದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಗೋಕಾಕದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದೊಂದು ಖಾನಾವಳಿ. ಜೋಳದ ರೊಟ್ಟಿ, ಎರಡು ಪಲ್ಯ, ಶೇಂಗಾ ಚಟ್ನಿ, ಮೊಸರು. ಬೇರೆಯವರಲ್ಲೂ ಇದೇ ಸಿಗುತ್ತದೆ. ನಮ್ಮಲ್ಲಿಗೆ ಜನ ಬರುವುದು ರೊಟ್ಟಿಗೆ. ಜಂಬ ಎನ್ನಿ, ಏನಾದರೂ ಎನ್ನಿ, ನನ್ನ ರೊಟ್ಟಿಯನ್ನು ದೀಪಕ್ಕೆ ಹಿಡಿದರೆ ಬೆಳಕು ಆಚೆ ಕಾಣುತ್ತದೆ. ಮಶೀನಿನ ರೊಟ್ಟಿ ತಂದಿಡೋಣ ಎಂದು ಗಂಡ ಒಮ್ಮೆ ಅಂದದ್ದಕ್ಕೆ ಎರಡು ದಿನ ಅವನ ಜೊತೆ ಮಾತು ಬಿಟ್ಟಿದ್ದೆ.

ಮೊದಲು ನಾನು ಕೂತೇ ರೊಟ್ಟಿ ಬಡಿಯುತ್ತಿದ್ದೆ. ಕಟ್ಟಿಗೆ ಒಲೆ, ಮುಂದೆ ಹಿಟ್ಟು ನಾದಿ ರೊಟ್ಟಿ ಬಡಿಯುವ ಕೊಣಮಿಗೆ, ಕಾಲು ಮಡಚಿ ಕೂತರೆ ಮುಗಿಯಿತು. ಗ್ಯಾಸು ಬಂದಮೇಲೆ ಗಂಡ ಬಹಳ ಪ್ರೀತಿಯಿಂದ ಸೊಂಟದ ಎತ್ತರಕ್ಕೆ ಕರೀಕಲ್ಲಿನ ಕಟ್ಟೆ ಕಟ್ಟಿಸಿದ. ಪ್ಯಾಟಿಯ ಮನೆಗಳ ಹಾಗೆ ಆಯಿತು ಎಂದು ನಾನೂ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಸಿದ್ದೆ. ಅವತ್ತು ಒಲೆಯ ಮುಂದೆ ನಿಂತವಳು ಆಮೇಲೆ ಕೂತದ್ದೇ ಇಲ್ಲ. ಬೆಳಿಗ್ಗೆ ಕಾಲೂರಿದರೆ ಮಧ್ಯಾಹ್ನ, ಸಂಜೆ ಊರಿದರೆ ರಾತ್ರಿ ಊಟ ಮುಗಿಯುವ ತನಕ ಅದೇ ಒಂದು ಫರಸಿಕಲ್ಲಿನ ಮೇಲೆ.

ಎಡಗಾಲಿನ ಮೀನಖಂಡದ ಮೇಲೆ ನೀಲಿ ನರಗಳು ಯಾವಾಗ ಎದ್ದವೋ ನೆನಪಿಲ್ಲ. ಮೊದಲು ದಾರದ ಹಾಗೆ ಇದ್ದವು, ಆಮೇಲೆ ಹೀರೇಬಳ್ಳಿಯ ಹಾಗೆ ಸುತ್ತಿಕೊಂಡವು. ನೋಯುತ್ತಿತ್ತು, ಸೀರೆ ಮುಚ್ಚುತ್ತಿತ್ತು, ನಾನೂ ಸುಮ್ಮನಿದ್ದೆ. ಹಿಮ್ಮಡಿಯ ಮೇಲಿನ ಚರ್ಮ ಕಪ್ಪಗಾಗಿ ಕಡಿತ ಶುರುವಾದಾಗ ಮಾತ್ರ ಹೆದರಿ ದವಾಖಾನೆಗೆ ಓಡಿದೆ. ಯಾಕೆಂದರೆ ಆ ಕಪ್ಪು ನಾನು ನೋಡಿದ್ದೆ. ನನ್ನ ಅವ್ವನ ಕಾಲಿನ ಮೇಲೆ ನೋಡಿದ್ದೆ.

ನನ್ನ ತವರು ಮಮದಾಪುರ. ಅವ್ವ ಹೊಲದಲ್ಲಿ ದುಡಿದವಳು, ಗಟ್ಟಿ ಜೀವ. ಅವಳ ಕಾಲಿಗೆ ಆದ ಗಾಯ ಶುರುವಿನಲ್ಲಿ ಒಂದು ಜೋಳದ ಕಾಳಿನಷ್ಟಿತ್ತು. ಅರಿಶಿನ ಹಚ್ಚಿದಳು, ಬೇವಿನೆಲೆ ಅರೆದು ಕಟ್ಟಿದಳು, ಯಾರೋ ಹೇಳಿದರೆಂದು ಏನೇನೋ ಬೂದಿ ಉದುರಿಸಿದಳು. ಅದು ಅಂಗೈಯಷ್ಟು ಆಯಿತು. ಆಮೇಲೆ ವರ್ಷಗಟ್ಟಲೆ ಪಡಸಾಲೆಯ ಹೊರಸಿನ ಮೇಲೆ ಕಾಲು ಚಾಚಿ ಕೂತು, ಬೇವಿನ ತೊಪ್ಪಲಿನಿಂದ ನೊಣ ಹೊಡೆದುಕೊಳ್ಳುತ್ತಿದ್ದಳು. ಮನೆಗೆ ಯಾರಾದರೂ ಬಂದರೆ ಅವಸರದಿಂದ ಊದಿನಕಡ್ಡಿ ಹಚ್ಚಲು ಹೇಳುತ್ತಿದ್ದಳು. ನನ್ನ ಮಗಳು ಅಜ್ಜಿಯನ್ನು ಆಯಿ ಎನ್ನುತ್ತಿದ್ದಳು, ಆಯಿ ಎಂದರೆ ಅವಳಿಗೆ ಜೀವ. ಕಾಲೇಜಿಗೆ ಹೋಗುವಾಗ ಹೊಸ ಫೋನು ಬಂದದ್ದೇ ತಡ, ಆಯಿಯ ಕಾಲಿನ ಫೋಟೋ ತೆಗೆದುಕೊಂಡು ಹೋಗಿ ದೊಡ್ಡ ದವಾಖಾನೆಯಲ್ಲಿ ತೋರಿಸಿ ಬಂದಳು. ಬಹಳ ತಡವಾಗಿದೆ, ಆದರೂ ಕರಕೊಂಡು ಬನ್ನಿ ಎಂದರಂತೆ. ಅವ್ವ ಬರಲಿಲ್ಲ. ಅದೇ ಹೊರಸಿನ ಮೇಲೆ ಹೋದಳು.

ಹಾಗಾಗಿ ಆ ಮಳೆಗಾಲದಲ್ಲಿ ಡಾಕ್ಟರ ಮುಂದೆ ಕೂತಾಗ ನಾನು ಕೇಳಿದ್ದು ಒಂದೇ ಮಾತು. “ಸಾಹೇಬ್ರ, ನನಗೂ ಹುಣ್ಣ ಆಗತೈತೇನ್ರಿ?”

ಅವರು ತಾಳ್ಮೆಯ ಮನುಷ್ಯ. “ಆಗಬಾರ್ದು ಅಂತ ನಾ ಹೇಳಾಕತ್ತೇನಿ ಕೇಳ್ರಿ. ನರದಾಗ ಸಣ್ಣ ಬಾಗಿಲ ಇರ್ತಾವ, ಮ್ಯಾಲ ಹೋದ ರಕ್ತ ಹೊಳ್ಳಿ ಬರಧಂಗ ಮುಚ್ಚತಾವ. ನಿಮ್ಮವು ಸಡ್ಲ ಆಗ್ಯಾವ. ಒಂದ ಕಡೆ ನಿಂತ್ರ ರಕ್ತ ಕೆಳಗ ನಿಲ್ಲತೈತಿ. ನಡದ್ರ ಮೀನಖಂಡ ಅದನ್ನ ಹಿಂಡಿ ಮ್ಯಾಲ ಕಳಸತೈತಿ. ಅದಕ್ಕ ನಡೀರಿ, ಬಿಗಿ ಕಾಲಚೀಲ ಹಾಕ್ರಿ, ಕಾಲ ಎತ್ತರಕ್ಕ ಇಟ್ಟು ಮಲಗ್ರಿ. ದೀಪಾವಳಿ ಆದ ಮ್ಯಾಲ ಬರ್ರಿ, ಸ್ಕ್ಯಾನ್ ಮಾಡಿ ಮುಂದಿಂದು ನೋಡೂನು. ಆ ಕಪ್ಪ ಜಾಗಾ ಒಡದು ನೀರ ಬಂತಂದ್ರ ಮಾತ್ರ ದೀಪಾವಳಿ ಗೀಪಾವಳಿ ನೋಡಬ್ಯಾಡ್ರಿ, ತಟ್ಟನ ಬರ್ರಿ” ಎಂದರು.

ಮಗಳು ಈಗ ಹುಕ್ಕೇರಿಯಲ್ಲಿದ್ದಾಳೆ, ಅಲ್ಲಿಯೇ ಕೊಟ್ಟದ್ದು, ಅಲ್ಲಿಯೇ ಸಾಲಿಯಲ್ಲಿ ಕಲಿಸುತ್ತಾಳೆ. ವಿಷಯ ಕೇಳಿದವಳೇ ಮುಂದಿನ ಭಾನುವಾರ ಬಂದಳು, ಕೈಯಲ್ಲಿ ಆ ಗಡಿಯಾರ. “ಅವ್ವಾ, ನಿನ್ನ ಮಾತ ನಾ ನಂಬಂಗಿಲ್ಲ. ನೋಯ್ತೈತೇನ ಅಂದ್ರ ಇಲ್ಲ ಅಂತಿ, ನಡದೇನ ಅಂದ್ರ ಹೂಂ ಅಂತಿ. ಇದು ನೀ ಇಟ್ಟ ಹೆಜ್ಜಿ ಎಲ್ಲಾ ಎಣಸತೈತಿ. ನಾ ಹುಕ್ಕೇರ್ಯಾಗ ಕುಂತ ನನ್ನ ಫೋನಿನ್ಯಾಗ ನೋಡತೇನಿ” ಎಂದಳು.

“ನನ್ನ ಮ್ಯಾಲ ಪೊಲೀಸರನ್ನ ಬಿಡಾಕತ್ತೀಯೇನ?” ಎಂದೆ. ಒಳಗೊಳಗೆ ಖುಷಿಯೂ ಆಗಿತ್ತು. ನನ್ನ ಹೆಜ್ಜೆಯನ್ನು ಒಬ್ಬರು ಎಣಿಸುತ್ತಾರೆ ಎಂದರೆ ಸಣ್ಣ ಮಾತೇ?

ಕಟ್ಟುವಾಗ ತಕರಾರು ಬಂತು. ಅವಳು ಎಡಗೈ ಹಿಡಿದಳು. ಎಡಗೈ ತುಂಬ ಹಸಿರು ಬಳೆ, ಗಡಿಯಾರಕ್ಕೆ ಜಾಗವಿಲ್ಲ. ನಾಲ್ಕು ಬಳೆ ತೆಗೆದಿಡು ಅಂದಳು. ನಾನು ಕೈ ಎಳೆದುಕೊಂಡೆ. ಗಂಡ ಎದುರಿಗೆ ಕೂತಿರುವಾಗ ಮುತ್ತೈದೆಯ ಕೈಯಿಂದ ಬಳೆ ತೆಗೆಸುತ್ತಾಳೆ, ಕಲಿತ ಮಗಳು! ಬಲಗೈಯಲ್ಲಿ ನಾನು ಮೊದಲಿನಿಂದಲೂ ಒಂದೇ ಬೆಳ್ಳಿಯ ಕಡಗ ಹಾಕುವುದು, ರೊಟ್ಟಿ ಬಡಿಯುವಾಗ ಗಾಜು ಒಡೆದು ಹಿಟ್ಟಿನಲ್ಲಿ ಬಿದ್ದೀತು ಎಂದು. ರೊಟ್ಟಿ ಮಾಡುವ ಹೆಂಗಸರೆಲ್ಲ ಹೀಗೇ. ಅಂತೂ ಗಡಿಯಾರ ಬಲಗೈಗೆ ಬಂತು. ಹಿಟ್ಟು ಹತ್ತದಿರಲೆಂದು ಚಟ್ನಿ ಕಟ್ಟುವ ಪ್ಲಾಸ್ಟಿಕ್ಕಿನ ತುಂಡೊಂದನ್ನು ಅದರ ಮೇಲೆ ಸುತ್ತಿಕೊಂಡೆ. ಯಾವ ಕೈಯಾದರೇನು ಎಂದಳು ಮಗಳು. ನಾನೂ ಹಾಗೆಯೇ ಅಂದುಕೊಂಡೆ.

ಮೊದಲ ದಿನವೇ ಗಡಿಯಾರ ನನ್ನನ್ನು ಹೊಗಳಿತು. ಮಧ್ಯಾಹ್ನದ ಊಟ ಮುಗಿಯುವ ಮೊದಲೇ ಅದರ ಮೇಲೆ ಬಣ್ಣಬಣ್ಣದ ಪಟಾಕಿ ಹಾರಿದವು. ದಿನದ ಗುರಿ ಮುಟ್ಟಿತಂತೆ. ಗೋಕಾಕದ ಓಣಿಗಳಲ್ಲಿ ಅಡ್ಡಾಡಲು ನನಗೆಲ್ಲಿ ಪುರಸೊತ್ತು? ನಸುಕಿನಲ್ಲಿ ಒಂದು ಸುತ್ತು ಹೊಳೆಯ ಕಡೆ ಹೋಗಿ ಬರುತ್ತಿದ್ದೆ, ಅಷ್ಟೇ. ಆದರೂ ನೀರು ತರುವುದು, ಗಿರಾಕಿಗೆ ಬಡಿಸುವುದು, ಇವೆಲ್ಲ ಸೇರಿ ಅಷ್ಟಾಗಿರಬೇಕು ಎಂದುಕೊಂಡೆ. ಸಂಜೆ ಮಗಳ ಫೋನು ಬಂತು. “ಯವ್ವಾ, ನನ್ನಕಿಂತ ಹೆಚ್ಚ ನಡದೀಯಲ್ಲ! ಸಾಲ್ಯಾಗ ಎಲ್ಲಾರಿಗೂ ತೋರಿಸಿದೆ” ಎಂದಳು. ಆ ರಾತ್ರಿ ನಾನು ಗಂಡನಿಗೆ ಅದನ್ನು ಎಷ್ಟು ಸಲ ಹೇಳಿದೆನೋ, ಅವನು ಮುಸುಕು ಹಾಕಿಕೊಂಡು ಮಲಗಿಬಿಟ್ಟ.

ವಾರಕ್ಕೊಮ್ಮೆ ಕಾಲಿನ ಫೋಟೋ ಕಳಿಸು ಎಂದೂ ಹೇಳಿದ್ದಳು. ಸೀರೆ ಎತ್ತಿ ಕಾಲಿನ ಫೋಟೋ ತೆಗೆಸಿಕೊಳ್ಳಲು ನನಗೆ ಮೈಯೆಲ್ಲ ನಾಚಿಕೆ. ಖಾನಾವಳಿಯಲ್ಲಿ ಮಂದಿ, ಸಂಜೆ ದಣಿವು. ಹಾಗಾಗಿ ಭಾನುವಾರ ಬೆಳಿಗ್ಗೆ ಹಾಸಿಗೆಯಿಂದ ಎದ್ದ ಕೂಡಲೇ, ಕಾಲಚೀಲ ಏರಿಸುವ ಮೊದಲು ಗಂಡ ಒಂದು ಫೋಟೋ ಹೊಡೆದು ಕಳಿಸುತ್ತಿದ್ದ. ರಾತ್ರಿಯೆಲ್ಲ ಮಲಗಿ ಎದ್ದ ಕಾಲು ಬಾವು ಇಳಿದು ಸಣ್ಣಗೆ, ಸಭ್ಯವಾಗಿ ಕಾಣುತ್ತಿತ್ತು. ಮಂದ ಬೆಳಕಿನಲ್ಲಿ ಕಪ್ಪೂ ಅಷ್ಟು ಕಾಣುತ್ತಿರಲಿಲ್ಲ. ಮಗಳು ಹೆಬ್ಬೆರಳೆತ್ತಿದ ಚಿತ್ರ ಕಳಿಸುತ್ತಿದ್ದಳು.

ಖರೆ ಹೇಳಬೇಕೆಂದರೆ ನೋವು ಕಡಿಮೆಯಾಗಿರಲಿಲ್ಲ. ಸಂಜೆಯಾದರೆ ಕಾಲಿಗೆ ಯಾರೋ ಸಿಮೆಂಟು ತುಂಬಿದ ಹಾಗೆ. ಕಾಲಚೀಲ ಕಳಚಿದರೆ ಅದರ ಅಂಚು ಚರ್ಮದಲ್ಲಿ ಹೂತಿರುತ್ತಿತ್ತು. ಕಪ್ಪಾದ ಜಾಗ ಕಡಿಯುತ್ತಿತ್ತು, ಕೆರೆಯಬಾರದು ಎಂದು ಕೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಳ್ಳುತ್ತಿದ್ದೆ. ಒಮ್ಮೆ ಗಂಡನ ಮುಂದೆ ಅಂದೆ, “ನೋಡ್ರಿ, ಇದು ಯಾಕೋ ಕಡಿಮಿ ಆಗವಲ್ದು.” ಅವನು ನನ್ನ ಕೈ ಹಿಡಿದು ಗಡಿಯಾರ ನೋಡಿದ. “ಇಷ್ಟ ನಡದ ಮ್ಯಾಲ ಯಾರಿಗಾದ್ರೂ ಕಾಲ ನೋಯಂಗಿಲ್ಲೇನ?” ಎಂದ. ನನಗೂ ಹೌದೆನ್ನಿಸಿತು. ಎಂಥ ಹುಚ್ಚು ನೋಡಿ, ನನ್ನ ಕಾಲು ನನಗೇ ಹೇಳುತ್ತಿರುವ ಮಾತನ್ನು ಬಿಟ್ಟು ಕೈಗೆ ಕಟ್ಟಿದ್ದರ ಮಾತು ನಂಬಿದೆ.

ದೀಪಾವಳಿ ಬಂತು, ಹೋಯಿತು. ಮಗಳು ಫೋನಿನಲ್ಲಿ, “ಅವ್ವಾ, ನಿಂದು ಎಲ್ಲಾ ಛಲೋ ಐತಿ. ನಡಿಗಿ ಛಲೋ, ಫೋಟೋ ಛಲೋ. ಈಗ ಮದವಿ ದಿನ, ನಿಮಗೂ ಖಾನಾವಳಿ ಗದ್ದಲ. ಸಾಲಿ ಸೂಟಿ ಬಿಟ್ಟಾಗ ನಾನೇ ಬರ್ತೇನಿ, ಆವಾಗ ಸ್ಕ್ಯಾನ್ ಮಾಡಸೂನು” ಎಂದಳು. ನನಗೆ ಅಷ್ಟೇ ಬೇಕಾಗಿತ್ತು. ಡಾಕ್ಟರು ಆಪರೇಷನ್ ಎಂದರೆ ಎಷ್ಟು ದಿನ ಒಲೆ ಬಿಡಬೇಕೋ, ಆ ಕಟ್ಟೆಯ ಮೇಲೆ ಯಾವ ಮಶೀನಿನ ರೊಟ್ಟಿ ಬಂದು ಕೂರುತ್ತದೋ ಎಂದು ನಾನು ಒಳಗೇ ಹೆದರಿದ್ದೆ. ತಪ್ಪಿತಲ್ಲ ಎಂದು ದೇವರಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ.

ತುಳಸಿ ಲಗ್ನ ಮುಗಿದ ಮೇಲೆ ಮೂಡಲಗಿಯಲ್ಲಿ ಗಂಡನ ಅಣ್ಣನ ಮಗಳ ಮದುವೆ. ಹಿಂದಿನ ದಿನ ಬಳೆ ಇಡುವವಳು ಗೋಕಾಕದ ನಮ್ಮ ಮನೆಗೂ ಬಂದಳು. ನಮ್ಮಲ್ಲಿ ಮದುವೆ ಮನೆಯ ಹೆಂಗಸರೆಲ್ಲ ಎರಡೂ ಕೈ ಮುಂದೆ ಮಾಡಿ ಬಳೆ ಇಡಿಸಿಕೊಳ್ಳಬೇಕು. ಬೇಡ ಎನ್ನುವಂತಿಲ್ಲ, ಅರ್ಧ ಕೈ ಎನ್ನುವಂತಿಲ್ಲ. ನನ್ನ ಬಲಗೈಯೂ ತುಂಬಿತು. ಗಡಿಯಾರವನ್ನು ಬಿಚ್ಚಿ ಖಾನಾವಳಿಯ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟೆ. ಒಂದು ದಿನದ ಮಟ್ಟಿಗೆ ರೊಟ್ಟಿಯನ್ನು ನನ್ನ ಜೊತೆ ಕೆಲಸ ಮಾಡುವವಳಿಗೆ ವಹಿಸಿದೆ. ಅವಳು ಮೇಲವಂಕಿಯ ಕುರುಬರ ಮನೆಯ ಸೊಸೆ, ನಗುಮುಖದ ಹೆಂಗಸು, ಕುರಿಯ ಹಿಂದೆ ಅಡ್ಡಾಡಿದ ಕಾಲು ಅವಳದು. “ಹೋಗಿ ಬರ್ರಿ ಅಕ್ಕಾರ, ಒಂದ ದಿನಕ್ಕ ನಿಮ್ಮ ಗಿರಾಕಿ ಓಡಿ ಹೋಗಂಗಿಲ್ಲ” ಎಂದು ನನ್ನನ್ನು ಕಳಿಸಿದಳು.

ಮೂಡಲಗಿಯಲ್ಲಿ ದಿನವಿಡೀ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಇಳಿಬಿಟ್ಟು ಕೂತೆ. ಬೀಗರ ಮುಂದೆ ಮಾಸಿದ ಕಾಲಚೀಲ ಕಾಣಬಾರದೆಂದು ಅದನ್ನೂ ಹಾಕಿರಲಿಲ್ಲ. ಮದುಮಕ್ಕಳ ಮೇಲೆ ಅಕ್ಕಿಕಾಳು ಹಾಕಲು ಎದ್ದೆ, ಊಟಕ್ಕೆ ಎದ್ದೆ, ಅಷ್ಟೇ. ಸಂಜೆ ಬಸ್ಸು ಹತ್ತುವಾಗ ಬೆಳ್ಳಿಯ ಕಾಲ್ಚೈನು ಮಾಂಸದೊಳಗೆ ಇಳಿದಿತ್ತು. ಅದರ ಕೆಳಗೆ ಏನೋ ಹಸಿ ಹಸಿ ಅನ್ನಿಸಿತು. ಬೆವರಿರಬೇಕು ಎಂದುಕೊಂಡೆ.

ಗಂಡ ಮೂಡಲಗಿಯಲ್ಲೇ ಉಳಿದ. ನಾನು ನೆಟ್ಟಗೆ ಖಾನಾವಳಿಗೆ ಬಂದೆ. ಮೇಲವಂಕಿಯವಳು ಕಟ್ಟೆಯ ಮುಂದೆ ನಿಂತು ಸಂಜೆಯ ರೊಟ್ಟಿ ಬಡಿಯುತ್ತಿದ್ದಳು. ಅವಳ ಬಲಗೈಯಲ್ಲಿ ನನ್ನ ಗಡಿಯಾರ. “ಸಿಟ್ಟಾಗಬ್ಯಾಡ್ರಿ ಅಕ್ಕಾರ, ಮುಂಜಾನಿಂದ ಕಟ್ಟಿಕೊಂಡೇನಿ. ನಾನೂ ಸಾವ್ಕಾರ್ತಿ ಕಂಡಂಗ ಕಾಣತೇನಿಲ್ಲೋ?” ಎಂದು ಕೈ ತಿರುಗಿಸಿ ತೋರಿಸಿದಳು. ನಾನೂ ನಕ್ಕು, ಚೀಲದಿಂದ ಫೋನು ತೆಗೆದು ಅಲ್ಲೇ ಇಟ್ಟು ಕುಡಿಯಲು ನೀರು ತಗೊಂಡೆ. ಗಡಿಯಾರ ತನ್ನ ಲೆಕ್ಕವನ್ನು ತಾನೇ ಇಟ್ಟುಕೊಂಡಿದ್ದು, ನನ್ನ ಫೋನು ಹತ್ತಿರ ಬಂದಾಗ ಅದಕ್ಕೆ, ಅಲ್ಲಿಂದ ಮಗಳ ಫೋನಿಗೆ ಒಪ್ಪಿಸುತ್ತದೆ. ಸ್ವಲ್ಪ ಹೊತ್ತಿಗೆ ಮಗಳ ಫೋನು ಬಂತು.

“ಅವ್ವಾ, ಮದವಿ ಮನ್ಯಾಗೂ ಬಿಡಲಿಲ್ಲಲ್ಲ ನೀ! ಎಷ್ಟ ನಡದೀ! ಶಾಬಾಸ್!”

ನೀರಿನ ಲೋಟ ಕೆಳಗಿಟ್ಟೆ. ನಾನು ನಡೆದಿರಲಿಲ್ಲ. ಗಡಿಯಾರ ನನ್ನ ಕೈಯಲ್ಲಿರಲಿಲ್ಲ. ಅದು ಇದ್ದವಳೂ ಮುಂಜಾನೆಯಿಂದ ಇದೇ ಫರಸಿಕಲ್ಲಿನ ಮೇಲೆ ನಿಂತಿದ್ದಾಳೆ. ಆಮೇಲೆ ಫೋನು ಮಾಡುತ್ತೇನೆಂದು ಇಟ್ಟುಬಿಟ್ಟೆ.

“ಏ, ಒಂದ ರೊಟ್ಟಿ ಬಡಿ” ಎಂದೆ.

“ಹಸಿವ್ಯಾಗೇತೇನ್ರಿ?”

“ಬಡಿ ಅಂದೆ. ಕಾಲ ಎತ್ತಬ್ಯಾಡ.”

ಅವಳು ಉಂಡೆ ಇಟ್ಟು ತಟಪಟ ಬಡಿಯತೊಡಗಿದಳು. ನಾನು ಅವಳ ಮುಂಗೈ ಮೇಲೆ ಬಗ್ಗಿ ನೋಡಿದೆ. ಕೈ ಏರಿ ಇಳಿದ ಹಾಗೆಲ್ಲ ಅಂಕಿ ಏರುತ್ತಿತ್ತು. ಒಂದು ರೊಟ್ಟಿ ಅಗಲವಾಗುವಷ್ಟರಲ್ಲಿ ಆ ಗಡಿಯಾರದ ಪ್ರಕಾರ ಅವಳು ಓಣಿಯ ತುದಿಗೆ ಹೋಗಿ ಬಂದಿದ್ದಳು. ಅವಳ ಪಾದ ಇದ್ದಲ್ಲಿಂದ ಒಂದು ಬೆರಳೂ ಸರಿದಿರಲಿಲ್ಲ.

ನನಗೆ ಬಂದ ಸಿಟ್ಟು ಹೇಳಲಾರೆ. ಗಡಿಯಾರವನ್ನು ಬಿಚ್ಚಿಸಿ ಕಟ್ಟೆಯ ಮೇಲೆ ಕುಕ್ಕಿದೆ. “ಹಾಳಾದ್ದ, ಸುಳ್ಳ ಹೇಳಿ ಹೇಳಿ ನನ್ನ ಕಾಲ ತಿಂತಲ್ಲ!” ಎಂದು ಬಾಯಿಗೆ ಬಂದದ್ದು ಬೈದೆ. ಮಳೆಗಾಲದಿಂದ ಇವತ್ತಿನ ತನಕ ನಾನು ನಡೆದದ್ದೆಲ್ಲ ರೊಟ್ಟಿಯ ಮೇಲೆ. ಅದನ್ನು ನೋಡಿ ಮಗಳು ಶಾಬಾಸ್ ಅಂದಳು, ಗಂಡ ಸುಮ್ಮನಾದ, ಸ್ಕ್ಯಾನು ಮುಂದೆ ಹೋಯಿತು. ಕೆಲಸ ಹೆಚ್ಚಾದ ದಿನ, ಅಂದರೆ ನಾನು ಹೆಚ್ಚು ಹೊತ್ತು ನಿಂತ ದಿನವೇ ಅದು ಹೆಚ್ಚು ಪಟಾಕಿ ಹಾರಿಸಿತ್ತು.

ಮೇಲವಂಕಿಯವಳು ಪಾಪ, ಹೆದರಿ ನಿಂತಿದ್ದಳು. “ನಾ ಏನ ತಪ್ಪ ಮಾಡಿದೆ ಅಕ್ಕಾರ?” ಎಂದಳು. “ನೀ ಏನೂ ಮಾಡಿಲ್ಲವ್ವಾ” ಎಂದು ಅವಳ ಹೆಗಲ ಮೇಲೆ ಕೈಯಿಟ್ಟು ಹಿಟ್ಟಿನ ಡಬ್ಬಿಯ ಮೇಲೆ ಕೂತೆ. ಆಗ ಅವಳ ಕಣ್ಣು ನನ್ನ ಪಾದದ ಕಡೆ ಹೋಯಿತು. “ಅಯ್ಯ ಯವ್ವಾ, ಅದೇನ್ರಿ ಅದು, ಸೀರಿ ಅಂಚ ತೊಯ್ದೈತಲ್ಲ?”

ಸೀರೆ ಎತ್ತಿದೆ. ಚೈನಿನ ಕೊಂಡಿ ಬಿಚ್ಚಲು ನನ್ನಿಂದಾಗಲಿಲ್ಲ, ಅವಳೇ ಬಿಚ್ಚಿದಳು. ಕಪ್ಪು ಚರ್ಮದ ನಡುವೆ ಒಂದು ಜೋಳದ ಕಾಳಿನಷ್ಟು ಜಾಗ ಒಡೆದು ನೀರು ಒಸರುತ್ತಿತ್ತು. ಸುತ್ತ ಕೆಂಪು, ಅದರಾಚೆ ನೇರಳೆ, ಮೇಲಕ್ಕೆ ಆ ನೀಲಿ ಬಳ್ಳಿ. ಮುಂಜಾನೆಯ ಫೋಟೋದಲ್ಲಿ ಎಂದೂ ಬರದ ಕಾಲು ಅದು, ಸಂಜೆಯ ಕಾಲು.

ಮಮದಾಪುರದ ಪಡಸಾಲೆ, ಹೊರಸು, ಬೇವಿನ ತೊಪ್ಪಲು, ಊದಿನಕಡ್ಡಿಯ ವಾಸನೆ ಎಲ್ಲ ಒಮ್ಮೆಲೇ ಬಂದವು. ಅಳು ಬಂತು, ಅತ್ತೆ. ಮೇಲವಂಕಿಯವಳು ಅರಿಶಿನದ ಡಬ್ಬಿಗೆ ಕೈ ಹಾಕಿದಳು. “ಬ್ಯಾಡ! ಅದನ್ನ ಮಾತ್ರ ಹಚ್ಚಬ್ಯಾಡ” ಎಂದು ನಾನು ಕಿರುಚಿದ್ದಕ್ಕೆ ಹೊರಗೆ ಊಟಕ್ಕೆ ಕೂತವರು ತಿರುಗಿ ನೋಡಿದರು.

ಫೋನನ್ನು ಅವಳ ಕೈಗೆ ಕೊಟ್ಟೆ. ದೊಡ್ಡ ದೀಪ ಹಾಕಿಸಿದೆ. “ಹತ್ರ ಬಂದು ಹೊಡಿ. ಎಲ್ಲಾ ಕಾಣಬೇಕು” ಎಂದೆ. ನಾಚಿಕೆ ಎಲ್ಲಿ ಹೋಗಿತ್ತೋ. ಏನೂ ಬರೆಯದೆ ಫೋಟೋವನ್ನು ಹಾಗೆಯೇ ಮಗಳಿಗೆ ಕಳಿಸಿದೆ.

ಅವಳು ನೋಡಿದಳು. ಉತ್ತರ ಬಂತು.

‘ಅವ್ವಾ, ಆಯೀ ಕಾಲಿನ ಹಳೇ ಫೋಟೋ ಯಾಕ ಕಳಿಸಿದಿ ಈಗ?’

ಬರೆಯುತ್ತ ಕೂರಲಿಲ್ಲ. ಧ್ವನಿಯ ಗುಂಡಿ ಒತ್ತಿ ಹೇಳಿದೆ.

“ಆಯೀದಲ್ಲವ್ವಾ ಅದು. ನಂದು. ಈಗ ತಗಸೇನಿ. ನಾಳೆ ಮೊದಲನೇ ಬಸ್ಸಿಗೆ ಬಾ, ನಾ ನಿನ್ನ ಸಂಗಾಟ ದವಾಖಾನಿಗೆ ಬರ್ತೇನಿ.”